ವಿಮಾನಾಪಹರಣದ ಕಾನೂನೂ ಆಶ್ರಯದ ಹಕ್ಕೂ
(ಪಕ್ಷದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯ ಬಹುಪಾಲು ಜನ ವಿಮಾನವನ್ನು ಕಾಣುವುದು ಹೊಲದಲ್ಲಿ ನಿಂತು ತಲೆಯೆತ್ತಿ ನೋಡಿದಾಗ ಮಾತ್ರ. ಇಂಥ ಕಡೆ ವಿಮಾನಾಪಹರಣದ ಕಾನೂನಿನ ಮೇಲೆ ಮಾತಾಡುವುದೆಂದು ಗೊತ್ತಾದಾಗ, ಬಗರ್ ಹುಕುಂ ಅರ್ಜಿಗಳ ವಿಷಯ ಬಿಟ್ಟು ಇದೇಕೆ ಎಂದು ಕೆಲವರು ಕೇಳಿದ್ದುಂಟು. ಕೇಳಿದ್ದು ತಪ್ಪಲ್ಲ. ಆದರೆ ಕಳೆದ ವರ್ಗದಲ್ಲಿ ರಾಜಕೀಯ ಅಪರಾಧವೆಂದರೇನು, ಒಂದು ದೇಶದಿಂದ ತಪ್ಪಿಸಿಕೊಂಡು ಬಂದವನನ್ನು ಇನ್ನೊಂದು ದೇಶ ಹಿಡಿದುಕೊಡಬೇಕೇ ಬೇಡವೇ ಎಂಬ ಚರ್ಚೆ ಎದ್ದು, ತೀರದೆ ಉಳಿಯಿತಷ್ಟೆ. ಆ ಪ್ರಶ್ನೆ ವಿಮಾನಾಪಹರಣದಲ್ಲಿ ಕಾಣುವಷ್ಟು ಹರಿತವಾಗಿ ಬೇರೆಲ್ಲೂ ಕಾಣದು. ಅಲ್ಲದೆ ಈ ವಿಷಯದಲ್ಲಿ ನಮ್ಮವರ ಕೈಯೂ ಪೂರ್ತಿ ಶುದ್ಧವಲ್ಲ. ಅದನ್ನೂ ಮುಚ್ಚಿಡದೆ ಹೇಳುವುದು ನಮ್ಮ ಉದ್ದೇಶ.

ಮೊದಲು ಎರಡು ಮಾತುಗಳ ಅರ್ಥ ತಿಳಿಯಾಗಲಿ. ಗಡೀಪಾರು ಬೇರೆ, ಹಸ್ತಾಂತರ ಬೇರೆ. ಪತ್ರಿಕೆಗಳು ಎರಡನ್ನೂ ಕಲಸಿಬಿಡುತ್ತವೆ. ತನಗೆ ಬೇಡದವನನ್ನು ಸರ್ಕಾರ ಗಡಿಯಾಚೆ ನೂಕುವುದು ಗಡೀಪಾರು. ಇನ್ನೊಂದು ದೇಶ 'ಇವನು ನಮ್ಮಲ್ಲಿ ಅಪರಾಧ ಮಾಡಿ ಬಂದಿದ್ದಾನೆ, ವಿಚಾರಣೆಗೆ ಒಪ್ಪಿಸಿ' ಎಂದು ಕೇಳಿ, ಕೇಳಿದ್ದಕ್ಕೆ ಆಧಾರವುಂಟೇ ಎಂದು ಮ್ಯಾಜಿಸ್ಟ್ರೇಟರು ನೋಡಿ, ಆಮೇಲೆ ಒಪ್ಪಿಸುವುದು ಹಸ್ತಾಂತರ. ಇದಕ್ಕೆ ಹಳೆಯ ಕಟ್ಟಳೆಗಳಿವೆ. ಮಾಡಿದ ಕೆಲಸ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಯಾವ ಅಪರಾಧಕ್ಕೆಂದು ಕರೆತಂದರೋ ಅದಕ್ಕೆ ಮಾತ್ರ ವಿಚಾರಿಸಬೇಕು. ರಾಜಕೀಯ ಅಪರಾಧಕ್ಕೆ ಯಾರನ್ನೂ ಒಪ್ಪಿಸಕೂಡದು. ನಮ್ಮ ದೇಶದ 1962ರ ಹಸ್ತಾಂತರ ಕಾಯಿದೆಯಲ್ಲೂ ಇವು ಇವೆ. ಕಡೆಯದು ಅದರ 31ನೆಯ ಕಲಮು.

ಈ ಕಡೆಯ ಕಟ್ಟಳೆ ಯಾವ ದೊರೆಯೂ ಕರುಣೆಯಿಂದ ಕೊಟ್ಟದ್ದಲ್ಲ. ಯೂರೋಪಿನ ಕ್ರಾಂತಿಗಳ ಬಿಸಿ ಆರುವ ಮೊದಲೇ, 1833ರಲ್ಲಿ, ಬೆಲ್ಜಿಯಂ ದೇಶ ಅದನ್ನು ಕಾನೂನಾಗಿ ಬರೆಯಿತು. ತಾನೇ ದಂಗೆಯಿಂದ ಹುಟ್ಟಿದ ದೇಶಕ್ಕೆ ದಂಗೆಗಾರನನ್ನು ಅರಸನಿಗೆ ಒಪ್ಪಿಸುವುದು ನಾಚಿಕೆಯ ಮಾತಾಗಿತ್ತು. ನಮ್ಮ ಸ್ವಾತಂತ್ರ್ಯ ಹೋರಾಟದಲ್ಲಿ ಇದರ ಬೆಲೆ ಗೊತ್ತಾದದ್ದು 1910ರಲ್ಲಿ. ಲಂಡನ್ನಿನಲ್ಲಿ ಹಿಡಿದ ಸಾವರ್ಕರರನ್ನು ಮೋರಿಯಾ ಎಂಬ ಹಡಗಿನಲ್ಲಿ ಮುಂಬಯಿಗೆ ತರುತ್ತಿದ್ದಾಗ, ಜುಲೈ 8ರಂದು ಮಾರ್ಸೇಲ್ಸ್ ಬಂದರಿನಲ್ಲಿ ಅವರು ಹಡಗಿನಿಂದ ಹಾರಿ ಫ್ರಾನ್ಸಿನ ನೆಲ ಮುಟ್ಟಿದರು. ಫ್ರೆಂಚ್ ಪೊಲೀಸಿನವನೊಬ್ಬ ಹಿಡಿದು ಮತ್ತೆ ಬ್ರಿಟಿಷರ ಕೈಗೇ ಕೊಟ್ಟ. ಆಶ್ರಯದ ಹಕ್ಕು ಮುರಿಯಿತೆಂದು ಗದ್ದಲವೆಬ್ಬಿಸಿದವರು ಫ್ರಾನ್ಸಿನ ಸಮಾಜವಾದಿಗಳು. ಮಾರ್ಕ್ಸನ ಮೊಮ್ಮಗ ಜೀನ್ ಲಾಂಗೆ ಅವರಲ್ಲಿ ಮುಂದಿದ್ದವನು. ಮೊಕದ್ದಮೆ ಹೇಗ್ ನಗರದ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಗಿ, 1911ರ ಫೆಬ್ರವರಿ 24ರಂದು, ಹಿಂದಕ್ಕೆ ಕೊಡಬೇಕಾದ ಹೊಣೆ ಬ್ರಿಟನ್ನಿಗಿಲ್ಲವೆಂದು ತೀರ್ಪಾಯಿತು. ಸಾವರ್ಕರರ ಮುಂದಿನ ರಾಜಕೀಯ ನಮಗೆ ಸೇರದು, ಆ ಮಾತು ಬೇರೆ. ಆಶ್ರಯದ ಹಕ್ಕು ನಮಗೆ ಬೇಕಾದವನಿಗೆ ಮಾತ್ರ ಎನ್ನುವುದಾದರೆ ಅದು ಹಕ್ಕೇ ಅಲ್ಲ.

ಈಗ ವಿಮಾನಕ್ಕೆ ಬರೋಣ. 1950ರ ದಶಕದಲ್ಲಿ ಅಪಹರಣವೆಂದರೆ ಹೆಚ್ಚಾಗಿ ಪೂರ್ವ ಯೂರೋಪಿನಿಂದ ಪಶ್ಚಿಮಕ್ಕೆ ಓಡಿಬರುವ ದಾರಿ. ಯುಗೋಸ್ಲಾವಿಯಾದ ವಿಮಾನದ ಸಿಬ್ಬಂದಿಯವರೇ ಮೂವರು ವಿಮಾನವನ್ನು ಸ್ವಿಟ್ಸರ್ಲೆಂಡಿಗೆ ತಿರುಗಿಸಿ ಇಳಿದರು. ಒಪ್ಪಿಸಿರೆಂಬ ಬೇಡಿಕೆಯನ್ನು ಅಲ್ಲಿಯ ಅತ್ಯುಚ್ಚ ನ್ಯಾಯಾಲಯ 1952ರಲ್ಲಿ, ಇದು ರಾಜಕೀಯ ಅಪರಾಧವೆಂದು ತಳ್ಳಿಹಾಕಿತು. ಪಶ್ಚಿಮದ ಪತ್ರಿಕೆಗಳು ಇಂಥವರನ್ನು ಸ್ವಾತಂತ್ರ್ಯ ವೀರರೆಂದು ಕರೆದವು. ಅದೇ ಜಾಡು ತಿರುಗಿ ಅಮೆರಿಕದ ವಿಮಾನಗಳು ಕ್ಯೂಬಾಕ್ಕೆ ಹೋಗತೊಡಗಿದಾಗ ವೀರರು ಹೋಗಿ ಕಡಲ್ಗಳ್ಳರಾದರು. ನಮ್ಮವನಾದರೆ ವೀರ, ಪರರವನಾದರೆ ಚೋರ!

1963ರ ಟೋಕಿಯೋ ಒಡಂಬಡಿಕೆಯಲ್ಲಿ ಹಲ್ಲೇ ಇರಲಿಲ್ಲ. ವಿಮಾನವನ್ನು ಅದರ ಕಪ್ತಾನನಿಗೆ ಬಿಡಿಸಿಕೊಡಬೇಕು, ಪ್ರಯಾಣಿಕರನ್ನು ಮುಂದೆ ಕಳಿಸಬೇಕು ಎಂದಷ್ಟೆ ಅದು ಹೇಳಿತು. ಯಾರನ್ನಾದರೂ ಹಸ್ತಾಂತರ ಮಾಡುವ ಹೊಣೆ ಇದರಿಂದ ಹುಟ್ಟದು ಎಂದು 16ನೆಯ ವಿಧಿಯಲ್ಲಿ ಬಾಯಿಬಿಟ್ಟು ಬರೆಯಿತು. ಅಷ್ಟನ್ನೂ ಜಾರಿಗೆ ತರಲು ಆರು ವರ್ಷ ಹಿಡಿಯಿತು. ಅಷ್ಟರಲ್ಲಿ 1970 ಬಂತು. ಸೆಪ್ಟೆಂಬರಿನಲ್ಲಿ ಪ್ಯಾಲೆಸ್ತೀನಿನ ಒಂದು ಗುಂಪು ಮೂರು ವಿಮಾನಗಳನ್ನು ಜೋರ್ಡಾನಿನ ಮರಳುಗಾಡಿನಲ್ಲಿ ಇಳಿಸಿ ಸಿಡಿಸಿತು. ಅಕ್ಟೋಬರ್ 15ರಂದು ಸೋವಿಯತ್ ದೇಶದ ಬಾತುಮಿಯಿಂದ ಹೊರಟ ಚಿಕ್ಕ ವಿಮಾನವನ್ನು ತಂದೆ ಮಗ ಇಬ್ಬರು ಟರ್ಕಿಗೆ ತಿರುಗಿಸಿದರು. ಅಡ್ಡ ನಿಂತ ಹತ್ತೊಂಬತ್ತು ವರ್ಷದ ಪರಿಚಾರಿಕೆ ನದೇಜ್ದಾ ಕುರ್ಚೆಂಕೋ ಗುಂಡಿಗೆ ಬಲಿಯಾದಳು. ಟರ್ಕಿ ಅವರನ್ನು ಒಪ್ಪಿಸಲಿಲ್ಲ. ಕೆಲಕಾಲ ಜೈಲಿನಲ್ಲಿದ್ದು ಕ್ಷಮಾದಾನ ಪಡೆದು ಕಡೆಗೆ ಅಮೆರಿಕ ಸೇರಿದರು. ಆ ಹುಡುಗಿ ಯಾವ ಆಳುವವರ ಪೈಕಿ? ದಿನಗೂಲಿಯವಳಂತೆ ಕೆಲಸಕ್ಕೆ ಬಂದವಳು. ರಾಜಕೀಯ ಅಪರಾಧದ ವಾದ ಇಲ್ಲಿ ಬಂದು ಮುಗ್ಗರಿಸುತ್ತದೆ. ದೊರೆಯ ವಿರುದ್ಧ ಎತ್ತಿದ ಕೈ ದುಡಿಯುವವಳ ಮೇಲೆ ಬಿದ್ದರೆ ಅದನ್ನು ಬಂಡಾಯವೆಂದು ಕರೆಯುವುದು ಹೇಗೆ?

ಮಹಾರಾಷ್ಟ್ರಗಳೆರಡಕ್ಕೂ ಬಿಸಿ ತಟ್ಟಿದ ಮೇಲೆ 1970ರ ಡಿಸೆಂಬರ್ 16ರಂದು ಹೇಗ್ ಒಡಂಬಡಿಕೆ ಆಯಿತು. ಅದನ್ನು ನಮ್ಮ ಕಾರ್ಯಕರ್ತರು ಸ್ವಲ್ಪ ಗಮನವಿಟ್ಟು ತಿಳಿಯತಕ್ಕದ್ದು. ಹತ್ತಿದ ಮೇಲೆ ವಿಮಾನದ ಹೊರಬಾಗಿಲುಗಳೆಲ್ಲ ಮುಚ್ಚಿದ ಕ್ಷಣದಿಂದ, ಇಳಿಯಲು ಒಂದು ಬಾಗಿಲು ತೆರೆಯುವ ಕ್ಷಣದವರೆಗೆ ವಿಮಾನ 'ಹಾರಾಟದಲ್ಲಿದೆ' ಎಂದು ಲೆಕ್ಕ. ಆ ಹೊತ್ತಿನಲ್ಲಿ ಒಳಗಿದ್ದವನು ಬಲದಿಂದಲೋ ಬೆದರಿಕೆಯಿಂದಲೋ ವಿಮಾನವನ್ನು ವಶಮಾಡಿಕೊಂಡರೆ ಅಪರಾಧ. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶಕ್ಕೂ, ಅಪಹರಣಕಾರ ಒಳಗಿರುವಂತೆಯೇ ಅದು ಇಳಿದ ದೇಶಕ್ಕೂ ವಿಚಾರಣೆಯ ಅಧಿಕಾರವುಂಟು. ತಿರುಳು 7ನೆಯ ವಿಧಿಯಲ್ಲಿದೆ. ಆಪಾದಿತ ಸಿಕ್ಕಿದ ದೇಶ ಅವನನ್ನು ಕೇಳಿದವರಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಯಾವ ವಿನಾಯಿತಿಯೂ ಇಲ್ಲದೆ ತನ್ನ ಅಧಿಕಾರಿಗಳ ಮುಂದೆಯೇ ಮೊಕದ್ದಮೆಗೆ ಗುರಿಪಡಿಸಬೇಕು. ಒಪ್ಪಿಸು, ಇಲ್ಲವೆ ವಿಚಾರಿಸು.

ಇದು ಒಳ್ಳೆಯ ಸೂತ್ರವೆಂದೇ ನಮ್ಮ ಮತ. ಆಶ್ರಯದ ಹಕ್ಕನ್ನು ಇದು ಕೊಲ್ಲುವುದಿಲ್ಲ. ಹಿಂದಕ್ಕೆ ಕಳಿಸಿದರೆ ನೇಣೇ ಗತಿ ಎಂದಿದ್ದವನನ್ನು ಕಳಿಸದೆ ಇಟ್ಟುಕೊಳ್ಳಬಹುದು. ಆದರೆ ಪ್ರಯಾಣಿಕರ ಕತ್ತಿನ ಮೇಲೆ ಕತ್ತಿ ಹಿಡಿದದ್ದಕ್ಕೆ ಅವನು ಇಲ್ಲಿಯೇ ಉತ್ತರ ಕೊಡಬೇಕು. 1985ರಲ್ಲಿ ಅಮೆರಿಕದ ವಿಮಾನವೊಂದನ್ನು ಬೈರೂತಿಗೆ ಒಯ್ದವರ ಪೈಕಿ ಒಬ್ಬನು 1987ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿದಾಗ ಪಶ್ಚಿಮ ಜರ್ಮನಿ ಮಾಡಿದ್ದು ಇದನ್ನೇ: ಅಮೆರಿಕಕ್ಕೆ ಒಪ್ಪಿಸಲಿಲ್ಲ, ತಾನೇ ವಿಚಾರಿಸಿ 1989ರಲ್ಲಿ ಆಜೀವ ಶಿಕ್ಷೆ ಕೊಟ್ಟಿತು.

ಆದರೆ ಸೂತ್ರ ಬರೆದವರೇ ಅದನ್ನು ಮುರಿದ ಕಥೆಯೂ ಉಂಟು. 1973ರ ಫೆಬ್ರವರಿ 15ರಂದು ಅಮೆರಿಕವೂ ಕ್ಯೂಬಾವೂ, ರಾಜತಾಂತ್ರಿಕ ಸಂಬಂಧವೇ ಇಲ್ಲದಿದ್ದರೂ, ಅಪಹರಣಕಾರರನ್ನು ಒಪ್ಪಿಸುವ ಅಥವಾ ಶಿಕ್ಷಿಸುವ ಒಪ್ಪಂದ ಮಾಡಿಕೊಂಡವು. 1976ರ ಅಕ್ಟೋಬರ್ 6ರಂದು ಕ್ಯೂಬಾದ ವಿಮಾನವೊಂದು ಬಾರ್ಬಡೋಸಿನ ಬಳಿ ಬಾಂಬಿಗೆ ಸಿಕ್ಕಿ 73 ಜನ ಸತ್ತರು. ಸಂಚಿನ ಆಪಾದನೆ ಹೊತ್ತವರಲ್ಲಿ ಲೂಯಿಸ್ ಪೊಸಾದಾ ಕಾರಿಲೆಸ್ ಒಬ್ಬ. ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆಯೊಡನೆ ಕೆಲಸ ಮಾಡಿದವನು. ಕ್ಯಾಸ್ಟ್ರೋ ಒಪ್ಪಂದವನ್ನು ರದ್ದುಮಾಡಿದರು. 2005ರಲ್ಲಿ ವೆನೆಜುವೆಲಾ ಅವನನ್ನು ಕೇಳಿತು. ಅಮೆರಿಕ ಕೊಡಲಿಲ್ಲ, ವಿಮಾನದ ಕೊಲೆಗಳಿಗಾಗಿ ತಾನೂ ವಿಚಾರಿಸಲಿಲ್ಲ. 2018ರಲ್ಲಿ ಅವನು ಮಯಾಮಿಯಲ್ಲಿ ವಯಸ್ಸಾಗಿ ಸತ್ತ.

ಅಮೆರಿಕವನ್ನು ಬೈಯುವುದು ಸುಲಭ. ಇಲ್ಲಿ ಕುಳಿತವರಲ್ಲಿ ಕೆಲವರಿಗೆ ಅದು ಹಿತವೂ ಹೌದು. ಈಗ ನಮ್ಮ ಮನೆಯ ಮಾತು. 1956ರ ಅಕ್ಟೋಬರ್ 22ರಂದು ಮೊರಾಕೋದಿಂದ ಟ್ಯೂನಿಸ್ಸಿಗೆ ಹೊರಟಿದ್ದ ವಿಮಾನದಲ್ಲಿ ಬೆನ್ ಬೆಲ್ಲಾ ಮೊದಲಾದ ಅಲ್ಜೀರಿಯಾದ ನಾಯಕರು ಐವರಿದ್ದರು. ಫ್ರೆಂಚ್ ಸೇನೆ ವಿಮಾನವನ್ನು ಆಲ್ಜಿಯರ್ಸಿನಲ್ಲಿ ಇಳಿಸಿ ಅವರನ್ನು ಸೆರೆಹಿಡಿಯಿತು. ಇದು ಸರ್ಕಾರವೇ ಮಾಡಿದ ವಿಮಾನಾಪಹರಣ. ಆಗ ಫ್ರಾನ್ಸಿನ ಪ್ರಧಾನಿ ಯಾರು? ಗೀ ಮೊಲೆ, ಸಮಾಜವಾದಿ ಪಕ್ಷದ ಮುಖಂಡ! ಮೊದಲೇ ಅವರಿಗೆ ತಿಳಿದಿರಲಿಲ್ಲವೆನ್ನುತ್ತಾರೆ. ಆದರೆ ಆಮೇಲೆ ಒಪ್ಪಿ ಹೊಣೆ ಹೊತ್ತರು. ಅದೇ ಪಕ್ಷದ ಅಲೆಂ ಸವಾರಿ ಇದನ್ನು ಸಹಿಸದೆ ಮಂತ್ರಿಪದವಿ ಬಿಟ್ಟರು. ಸಾವರ್ಕರರಿಗಾಗಿ ಕೂಗಿದ ಪರಂಪರೆ ಸವಾರಿಯವರಲ್ಲಿ ಉಳಿದಿತ್ತು, ಪ್ರಧಾನಿಯಲ್ಲಿ ಇರಲಿಲ್ಲ. ಸರ್ಕಾರಗಳ ಈ ಚಾಳಿ ನಿಂತಿಲ್ಲವೆಂಬುದಕ್ಕೆ 2021ರ ಮೇ 23 ಸಾಕ್ಷಿ. ಅಥೆನ್ಸಿನಿಂದ ವಿಲ್ನಿಯಸ್ಸಿಗೆ ಹೋಗುತ್ತಿದ್ದ ವಿಮಾನವನ್ನು ಸುಳ್ಳು ಬಾಂಬಿನ ಸುದ್ದಿ ಹೇಳಿ ಬೆಲಾರುಸ್ ಸರ್ಕಾರ ಮಿನ್ಸ್ಕಿನಲ್ಲಿ ಇಳಿಸಿ, ಒಳಗಿದ್ದ ವಿರೋಧಿ ಪತ್ರಕರ್ತನನ್ನು ಹಿಡಿಯಿತು. ಹೇಗ್ ಒಡಂಬಡಿಕೆ ಹೇಳುವುದು 'ವಿಮಾನದೊಳಗಿರುವ ವ್ಯಕ್ತಿ'ಯನ್ನು; ನೆಲದ ಮೇಲೆ ಕುರ್ಚಿಯಲ್ಲಿ ಕುಳಿತವನನ್ನಲ್ಲ.

ಇದಕ್ಕಿಂತ ಹತ್ತಿರದ್ದು ನೇಪಾಳದ್ದು. ನೇಪಾಳೀ ಕಾಂಗ್ರೆಸ್ಸು ನಮ್ಮ ಸೋದರ ಪಕ್ಷ. ನೇಪಾಳದ ರಾಣಾ ಆಳಿಕೆಯ ವಿರುದ್ಧ ದೆಹಲಿಯಲ್ಲಿ ಮೆರವಣಿಗೆ ಹೊರಟು ಲೋಹಿಯಾ 1949ರಲ್ಲಿ, ಸ್ವತಂತ್ರ ಭಾರತದಲ್ಲಿಯೇ, ಜೈಲು ಸೇರಿದರು. 1960ರ ಡಿಸೆಂಬರಿನಲ್ಲಿ ದೊರೆ ಮಹೇಂದ್ರ ಚುನಾಯಿತ ಪ್ರಧಾನಿ ಬಿ. ಪಿ. ಕೊಯಿರಾಲಾರನ್ನು ಸೆರೆಗೆ ತಳ್ಳಿ ಪಕ್ಷಗಳನ್ನೆಲ್ಲ ನಿಷೇಧಿಸಿದ. ಎಂಟು ವರ್ಷ ಜೈಲಿನಲ್ಲಿದ್ದು ಹೊರಬಂದ ಬಿ. ಪಿ. ಭಾರತದಲ್ಲಿ ನೆಲೆಸಿದರು. ಶಸ್ತ್ರ ಹೋರಾಟಕ್ಕೆ ಹಣ ಬೇಕಿತ್ತು. 1973ರ ಜೂನ್ 10ರಂದು ಪಕ್ಷದ ಮೂವರು ತರುಣರು ಬಿರಾಟನಗರದಿಂದ ಕಾಠ್ಮಂಡುವಿಗೆ ಹೊರಟ ಚಿಕ್ಕ ವಿಮಾನವನ್ನು ಗಡಿ ದಾಟಿಸಿ ಬಿಹಾರದ ಫೋರ್ಬ್ಸ್‌ಗಂಜಿನ ಹುಲ್ಲು ಬಯಲಿನಲ್ಲಿ ಇಳಿಸಿದರು. ಅದರಲ್ಲಿ ನೇಪಾಳ ಸರ್ಕಾರದ ಬ್ಯಾಂಕಿನ ಸುಮಾರು 30 ಲಕ್ಷ ಭಾರತೀಯ ರೂಪಾಯಿ ಇತ್ತು. ಪೆಟ್ಟಿಗೆಗಳನ್ನು ಇಳಿಸಿಕೊಂಡು, ಯಾರನ್ನೂ ನೋಯಿಸದೆ, ವಿಮಾನವನ್ನೂ ಪ್ರಯಾಣಿಕರನ್ನೂ ಬಿಟ್ಟುಬಿಟ್ಟರು. ಹಿಂದಿ ಚಿತ್ರತಾರೆ ಮಾಲಾ ಸಿನ್ಹಾ ಆ ವಿಮಾನದಲ್ಲಿದ್ದರೆಂಬುದನ್ನೇ ಆಮೇಲೆ ಜನ ಹೆಚ್ಚು ಮಾತಾಡಿಕೊಂಡರು. ಸಂಚಿನ ಸೂತ್ರ ಹಿಡಿದವರು ಬಿ. ಪಿ.ಯವರ ತಮ್ಮ ಗಿರಿಜಾ ಪ್ರಸಾದ ಕೊಯಿರಾಲಾ. 1991ರಲ್ಲಿ ಅವರು ಪ್ರಧಾನಿಯಾದರು. ಜೊತೆಗಿದ್ದ ಸುಶೀಲ ಕೊಯಿರಾಲಾ ಮೂರು ವರ್ಷ ಭಾರತದ ಜೈಲಿನಲ್ಲಿದ್ದು, 2014ರಲ್ಲಿ ಪ್ರಧಾನಿಯಾದರು.

ಇದನ್ನು ಏನೆಂದು ಕರೆಯೋಣ? ನಮ್ಮ ಹಿರಿಯರಲ್ಲಿ ಅನೇಕರು ಹೆಮ್ಮೆಯಿಂದ ಹೇಳಿಕೊಂಡದ್ದನ್ನು ನಾವು ಕೇಳಿದ್ದೇವೆ. ಪಕ್ಷವೇ ಇರಕೂಡದೆಂಬ ದೇಶದಲ್ಲಿ, ಬಾಯಿಕಟ್ಟಿದ ಜನ ಅರಸನ ಖಜಾನೆಗೆ ಕೈಹಾಕಿದರು, ಒಂದು ಹನಿ ರಕ್ತ ಸುರಿಯಲಿಲ್ಲ ಎಂಬುದು ನಿಜ. ಆದರೆ ಪೈಲಟ್ಟಿನ ಪಕ್ಕ ಪಿಸ್ತೂಲು ಹಿಡಿದು ನಿಂತಾಗ, ಗಾಳಿ ಕೊಂಚ ಎಡವಟ್ಟಾಗಿದ್ದರೆ, ಹುಲ್ಲಿನ ಬಯಲು ಕೊಂಚ ಕೆಸರಾಗಿದ್ದರೆ, ಇಂದು ನಾವು ಬೇರೆ ಕಥೆ ಹೇಳಬೇಕಾಗುತ್ತಿತ್ತು. ಯಾರೂ ಸಾಯಲಿಲ್ಲವೆಂಬುದು ಆ ದಿನದ ಪುಣ್ಯ, ಆ ಕೆಲಸದ ಗುಣವಲ್ಲ. ಭಾರತ ಆಗಿನ್ನೂ ಹೇಗ್ ಒಡಂಬಡಿಕೆಗೆ ಸೇರಿರಲಿಲ್ಲ. ಆದರೂ ಸಿಕ್ಕಿದವರನ್ನು ಅರಸನಿಗೆ ಒಪ್ಪಿಸದೆ ಇಲ್ಲಿಯೇ ಸೆರೆಯಲ್ಲಿಟ್ಟಿತು. ಇಂದಿರಾ ಗಾಂಧಿಯವರ ಸರ್ಕಾರಕ್ಕೆ ಅದರಲ್ಲಿ ಬೇರೆ ಲೆಕ್ಕಾಚಾರಗಳೂ ಇದ್ದಿರಬಹುದು. ಆದರೂ ಆದದ್ದು ಸರಿಯಾಗಿಯೇ ಆಯಿತೆಂದು ನಮ್ಮ ಅಭಿಪ್ರಾಯ. ಸಂಗಾತಿಗಳಾದ್ದರಿಂದ ಒಪ್ಪಿಸಬೇಡಿ ಎನ್ನುವ ಹಕ್ಕು ನಮಗಿತ್ತು. ಸಂಗಾತಿಗಳಾದ್ದರಿಂದ ಬಿಟ್ಟುಬಿಡಿ ಎನ್ನುವ ಹಕ್ಕು ಇರಲಿಲ್ಲ.

ಇದನ್ನು ಒಪ್ಪಿದರೆ ಮಾತ್ರ ಮುಂದಿನ ಕಥೆಯನ್ನು ಬಾಯಿಬಿಟ್ಟು ಹೇಳುವ ಅರ್ಹತೆ ನಮಗೆ ಬರುತ್ತದೆ. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಹೋದರು. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಮೇಲೆ ಲೋಕಸಭೆ ಅವರನ್ನು ಹೊರಹಾಕಿ ತಿಹಾರ ಜೈಲಿಗೆ ಕಳಿಸಿತು. ಮರುದಿನವೇ ಭೋಲಾನಾಥ ಪಾಂಡೆ, ದೇವೇಂದ್ರನಾಥ ಪಾಂಡೆ ಎಂಬ ಯುವ ಕಾಂಗ್ರೆಸ್ಸಿನ ಇಬ್ಬರು ಲಖನೌದಿಂದ ದೆಹಲಿಗೆ ಹೊರಟ ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. ಇಂದಿರಾರನ್ನು ಬಿಡಬೇಕು, ಅವರ ಮೇಲೂ ಮಗನ ಮೇಲೂ ಇರುವ ಮೊಕದ್ದಮೆ ತೆಗೆಯಬೇಕು ಎಂಬುದು ಬೇಡಿಕೆ. ನೂರಕ್ಕೆ ಮೇಲ್ಪಟ್ಟ ಪ್ರಯಾಣಿಕರು ಆ ಚಳಿಗಾಲದ ರಾತ್ರಿಯನ್ನು ಭಯದಲ್ಲಿ ಕಳೆದರು. ಬೆಳಗಾದ ಮೇಲೆ ಇಬ್ಬರೂ ಶರಣಾದರು. ನೋಡಿದರೆ ಪಿಸ್ತೂಲು ಆಟದ ಸಾಮಾನು, ಬಾಂಬೆಂದು ತೋರಿಸಿದ್ದು ಕ್ರಿಕೆಟ್ ಚೆಂಡು!

ಜನ ನಕ್ಕರು. ನಗುವ ಮಾತೇ ಇದು? ಚೆಂಡೆಂದು ಪ್ರಯಾಣಿಕನಿಗೆ ಹೇಗೆ ಗೊತ್ತು? ಆ ವರ್ಷವೇ ಆಗಸ್ಟಿನಲ್ಲಿ ಪೂರ್ವ ಜರ್ಮನಿಯವನೊಬ್ಬ ಆಟದ ಪಿಸ್ತೂಲಿನಿಂದಲೇ ಪೋಲೆಂಡಿನ ವಿಮಾನವನ್ನು ಪಶ್ಚಿಮ ಬರ್ಲಿನ್ನಿನಲ್ಲಿ ಇಳಿಸಿದ್ದ. ಅಲ್ಲಿ ಅಮೆರಿಕನ್ನರ ನ್ಯಾಯಾಲಯ ಕುಳಿತು ವಿಚಾರಿಸಿ, ಒತ್ತೆಯಿಟ್ಟುಕೊಂಡ ತಪ್ಪಿಗೆ ದೋಷಿಯೆಂದಿತು. ಶಿಕ್ಷೆ ಹಗುರವಾದರೂ ವಿಚಾರಣೆ ನಡೆಯಿತು. ನಮ್ಮಲ್ಲಿ ಆದದ್ದೇನು? ವಿಮಾನಾಪಹರಣಕ್ಕೆಂದು ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯಿದೆಯೇ ಆಗ ಇರಲಿಲ್ಲ. 1980ರಲ್ಲಿ ಇಂದಿರಾ ಮತ್ತೆ ಅಧಿಕಾರಕ್ಕೆ ಬಂದರು; ಮೊಕದ್ದಮೆಗಳನ್ನು ಹಿಂದಕ್ಕೆ ತೆಗೆದುಕೊಂಡರು; ಇಬ್ಬರಿಗೂ ಟಿಕೆಟ್ ಕೊಟ್ಟರು; ಇಬ್ಬರೂ ಉತ್ತರ ಪ್ರದೇಶದ ವಿಧಾನಸಭೆಗೆ ಆರಿಸಿಬಂದರು. ಅದೇ ಸರ್ಕಾರ 1982ರಲ್ಲಿ ವಿಮಾನಾಪಹರಣ ವಿರೋಧಿ ಕಾಯಿದೆ ತಂದು ಆಜೀವ ಶಿಕ್ಷೆ ಇಟ್ಟಿತು, ಹೇಗ್ ಒಡಂಬಡಿಕೆಗೂ ಸೇರಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆನ್ನೋಣವೆಂದರೆ, ಸೂರೆ ಮಾಡಿದವರು ಕೋಟೆಯ ಒಳಗೇ ಕುಳಿತಿದ್ದರು.

ಪಾಕಿಸ್ತಾನದ ವಿಷಯ ಹೆಚ್ಚು ಬೆಳೆಸಬೇಕಿಲ್ಲ. 1971ರ ಜನವರಿ 30ರಂದು ಶ್ರೀನಗರದಿಂದ ಹೊರಟ 'ಗಂಗಾ' ವಿಮಾನವನ್ನು ಲಾಹೋರಿಗೆ ಒಯ್ದ ಇಬ್ಬರನ್ನು ಮೊದಲು ವೀರರೆಂದು ಮೆರೆಸಿದರು, ಆಮೇಲೆ ಭಾರತದ ಗೂಢಚಾರರೆಂದು ವಿಚಾರಣೆಗೆಳೆದರು. 1981ರಲ್ಲಿ ಲಾಹೋರಿಗೆ ಒಯ್ದ ಐವರನ್ನು ಅಲ್ಲಿಯ ನ್ಯಾಯಾಲಯವೇ ಆಜೀವ ಶಿಕ್ಷೆಗೆ ಗುರಿಮಾಡಿತು. ಶಿಕ್ಷೆ ಮುಗಿಸಿ ಭಾರತಕ್ಕೆ ಬಂದ ಇಬ್ಬರ ಮೇಲೆ ಇಲ್ಲಿ ದೇಶದ ಮೇಲೆ ಯುದ್ಧ ಹೂಡಿದರೆಂದು ಮತ್ತೆ ಮೊಕದ್ದಮೆ ನಡೆದು, 2018ರಲ್ಲಿ ದೆಹಲಿಯ ನ್ಯಾಯಾಲಯ ಅವರನ್ನು ಬಿಟ್ಟಿತು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲವೆಂಬುದು ನಮ್ಮ ಸಂವಿಧಾನದ 20ನೆಯ ಅನುಚ್ಛೇದ. 1984ರ ಆಗಸ್ಟಿನಲ್ಲಿ ದುಬಾಯಿಗೆ ಹೋದವರನ್ನು ಅಲ್ಲಿಯ ಸರ್ಕಾರ ಕೆಲವೇ ದಿನಗಳಲ್ಲಿ ನಮಗೆ ಒಪ್ಪಿಸಿತು. ಸರ್ಕಾರ ಮನಸ್ಸು ಮಾಡಿದರೆ ಹಸ್ತಾಂತರ ದಿನಗಳ ಕೆಲಸ, ಮಾಡದಿದ್ದರೆ ತಲೆಮಾರಿನ ಕೆಲಸ.

1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ಹೊರಟ ವಿಮಾನ ಅಮೃತಸರ, ಲಾಹೋರು, ದುಬಾಯಿ ಸುತ್ತಿ ಕಂದಹಾರಕ್ಕೆ ಹೋದದ್ದು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ಒಬ್ಬ ಪ್ರಯಾಣಿಕನ ಕೊಲೆಯಾಯಿತು. ಡಿಸೆಂಬರ್ 31ರಂದು ಮೂವರು ಬಂದಿಗಳನ್ನು ಕೊಟ್ಟು ಉಳಿದವರನ್ನು ಬಿಡಿಸಿಕೊಂಡರು. ಅಫಘಾನಿಸ್ತಾನ ಹೇಗ್ ಒಡಂಬಡಿಕೆಗೆ ಸೇರಿದ ದೇಶವೇ. ಆದರೆ ಅಲ್ಲಿ ಆಳುತ್ತಿದ್ದ ತಾಲಿಬಾನನ್ನು ಮನ್ನಿಸಿದ್ದು ಮೂರೇ ದೇಶಗಳು, ಅವರಲ್ಲಿ ನಾವಿಲ್ಲ. ಒಪ್ಪಿಸಿ ಎಂದು ಯಾರಿಗೆ ಬರೆಯುವುದು? ಹತ್ತು ಗಂಟೆಯೊಳಗೆ ದೇಶ ಬಿಡಿ ಎಂದು ತಾಲಿಬಾನ್ ಐವರನ್ನೂ ಕಳಿಸಿಬಿಟ್ಟಿತು. ನಮ್ಮ ನ್ಯಾಯಾಲಯದ ಮುಂದೆ ಬಂದವರು ಸಹಾಯ ಮಾಡಿದರೆಂಬ ಆಪಾದನೆಯವರು ಮಾತ್ರ. ಆ ಎಂಟು ದಿನ ದೇಶದ ವಿಮಾನಯಾನ ಮಂತ್ರಿ ಶರದ್ ಯಾದವರು, ರಕ್ಷಣಾ ಮಂತ್ರಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು. ಇಬ್ಬರೂ ಸಮಾಜವಾದಿ ಗರಡಿಯವರೇ. ವಿಮಾನ ಅಮೃತಸರದಲ್ಲಿ ನಿಂತಿದ್ದಾಗ ಆದ ಗೊಂದಲಕ್ಕೆ ಆ ಮಂತ್ರಿಮಂಡಲವೆಲ್ಲ ಹೊಣೆ. ನಮ್ಮವರೆಂದು ಇವರನ್ನು ಆ ಲೆಕ್ಕದಿಂದ ಬಿಡಿಸುವುದಕ್ಕಾಗದು.

ಈಗ ಜಾರಿಯಲ್ಲಿರುವುದು 2016ರ ಕಾಯಿದೆ. 2010ರಲ್ಲಿ ಬೀಜಿಂಗಿನಲ್ಲಿ ಹೇಗ್ ಒಡಂಬಡಿಕೆಗೆ ಆದ ತಿದ್ದುಪಡಿಯ ಜಾಡಿನಲ್ಲಿ ಇದನ್ನು ಬರೆದಿದ್ದಾರೆ. ಬಾಗಿಲು ಮುಚ್ಚುವ ತೆರೆಯುವ ಲೆಕ್ಕ ಹೋಯಿತು. ಹಾರಾಟಕ್ಕೆ ಸಿದ್ಧಮಾಡಲು ಆರಂಭಿಸಿದಾಗಿನಿಂದ ಇಳಿದ 24 ಗಂಟೆಯವರೆಗೆ ವಿಮಾನ 'ಸೇವೆಯಲ್ಲಿದೆ' ಎಂದಾಯಿತು. ಒಳಗಿಲ್ಲದೆ ಯಂತ್ರತಂತ್ರದಿಂದ ವಶಮಾಡಿಕೊಂಡರೂ ಅಪರಾಧ. ನಂಬುವಂಥ ಬೆದರಿಕೆ ಹಾಕಿದರೂ ಅಪರಾಧ. ರಾಜಕೀಯ ಅಪರಾಧವೆಂದು ಹಸ್ತಾಂತರ ತಪ್ಪಿಸಿಕೊಳ್ಳುವಂತಿಲ್ಲ. ಇವುಗಳಿಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಮರಣದಂಡನೆಗೆ. ಅಪಹರಣದಿಂದ ಸಾವಾದರೆ ಮರಣದಂಡನೆ, ಇಲ್ಲವಾದರೆ ಉಸಿರಿರುವವರೆಗೆ ಜೈಲು. ಸಾಯಲು ಸಿದ್ಧನಾಗಿ ವಿಮಾನ ಹತ್ತಿದವನನ್ನು ನೇಣು ಹೆದರಿಸುವುದೇ? ಯೂರೋಪಿನ ದೇಶಗಳು ನೇಣಿಗೆಂದು ಯಾರನ್ನೂ ಒಪ್ಪಿಸುವುದಿಲ್ಲ. ಅದಕ್ಕಾಗಿಯೇ ನಮ್ಮ ಹಸ್ತಾಂತರ ಕಾಯಿದೆಗೆ 34ಸಿ ಎಂಬ ಕಲಮು ಸೇರಿದೆ: ಒಪ್ಪಿಸಿದ ದೇಶದಲ್ಲಿ ಆ ತಪ್ಪಿಗೆ ಮರಣದಂಡನೆ ಇಲ್ಲದಿದ್ದರೆ ಇಲ್ಲಿಯೂ ಆಜೀವ ಶಿಕ್ಷೆಯೇ. ಅಂದರೆ ಪ್ಯಾರಿಸ್ಸಿಗೆ ಓಡಿದವನಿಗೆ ಜೈಲು, ಪಟ್ನಾದಲ್ಲಿ ಸಿಕ್ಕಿದವನಿಗೆ ನೇಣು. ಒಂದೇ ತಪ್ಪಿಗೆ ಎರಡು ತೂಕ.

ಜಾಮೀನೂ ಬಲು ಕಷ್ಟ. ಆಪಾದಿತ ನಿರಪರಾಧಿಯೆಂದು ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೆ ಅನಿಸಿದರೆ ಮಾತ್ರ. ಈ ಕಾಯಿದೆಯ ಮೊದಲ ಶಿಕ್ಷೆ ಯಾರಿಗೆ ಬಿತ್ತು ಬಲ್ಲಿರಾ? ವಿಮಾನದ ಶೌಚಾಲಯದಲ್ಲಿ ಬೆದರಿಕೆಯ ಚೀಟಿ ಇಟ್ಟನೆಂಬ ಆಪಾದನೆಯ ಒಬ್ಬ ವ್ಯಾಪಾರಿಗೆ. ಪಿಸ್ತೂಲಿಲ್ಲ, ಬಾಂಬಿಲ್ಲ, ಜೊತೆಗಾರರಿಲ್ಲ. 2019ರಲ್ಲಿ ಅಹಮದಾಬಾದಿನ ವಿಶೇಷ ನ್ಯಾಯಾಲಯ ಆಜೀವ ಶಿಕ್ಷೆಯನ್ನೂ ಐದು ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು. 2023ರಲ್ಲಿ ಗುಜರಾತಿನ ಹೈಕೋರ್ಟು ಅದನ್ನು ತಳ್ಳಿಹಾಕಿ ಅವನನ್ನು ಬಿಟ್ಟಿತು. ಅವನ ಪಕ್ಕದಲ್ಲಿ 1978ರ ಇಬ್ಬರನ್ನು ನಿಲ್ಲಿಸಿ ನೋಡಿ.

ನಮ್ಮ ಪಕ್ಷ ಈ ವಿಷಯದಲ್ಲಿ ಎರಡು ಬೇಡಿಕೆಗಳನ್ನು ಮುಂದಿಡಬೇಕೆಂದು ಸೂಚಿಸುತ್ತೇವೆ. 2016ರ ಕಾಯಿದೆಯಿಂದ ಮರಣದಂಡನೆ ಹೋಗಬೇಕು. 34ಸಿ ಕಲಮಿನ ತಾರತಮ್ಯ ಅದರಿಂದ ತಾನಾಗಿಯೇ ಸಾಯುತ್ತದೆ. ಎರಡನೆಯದು, ಮೊಕದ್ದಮೆ ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರದ್ದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 321ನೆಯ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯ 360ನೆಯ ಕಲಮಾಗಿದೆ. ನೊಂದವನ ಮಾತು ಕೇಳದೆ ಮೊಕದ್ದಮೆ ಕೈಬಿಡಲು ನ್ಯಾಯಾಲಯ ಒಪ್ಪಕೂಡದೆಂದು ಅದರಲ್ಲಿ ಹೊಸದಾಗಿ ಸೇರಿಸಿದ್ದಾರೆ. ಇದು ಒಳ್ಳೆಯದೇ, ಆದರೆ ಸಾಲದು. ವಿಮಾನಾಪಹರಣದ ಮೊಕದ್ದಮೆಯನ್ನು ಯಾವ ಸರ್ಕಾರವೂ ಹಿಂದಕ್ಕೆ ತೆಗೆಯುವಂತಿಲ್ಲವೆಂದು ಕಾಯಿದೆಯಲ್ಲಿಯೇ ಬರೆಯಬೇಕು. ಇದು ನಾಳೆ ನಮ್ಮ ಪೈಕಿ ಯಾರಾದರೂ ಮಂತ್ರಿಯಾದರೆ ಅವರ ಕೈಯನ್ನೂ ಕಟ್ಟುತ್ತದೆ ಎಂದು ತಿಳಿದೇ ಸೂಚಿಸುತ್ತಿದ್ದೇವೆ. ಗೊತ್ತುವಳಿಯ ಕರಡನ್ನು ಶಾಖೆಗಳಿಗೆ ಕಳಿಸಿದೆ. ತಿದ್ದುಪಡಿಗಳಿದ್ದರೆ ಜಿಲ್ಲಾ ಸಮಿತಿಯ ಮುಂದಿನ ಸಭೆಗೆ ಮೊದಲು ಬರೆದು ತಿಳಿಸತಕ್ಕದ್ದು.